ಕೈಮಾತಿಗೆ ಕಾವಲು

ಬಟ್ಟೆ ಒಗೆಯುವ ಆ ಕಾರ್ಖಾನೆಗೆ ಕಾಲೇಜಿನ ಮೇಡಂ ಬಿಳಿ ಹಾಳೆಗಳನ್ನು ಎದೆಗವಚಿಕೊಂಡು ಬಂದ ದಿನವೇ ದೊಡ್ಡಕ್ಕನಿಗೆ ಅನುಮಾನ ಹತ್ತಿತು.

ದೊಡ್ಡಕ್ಕನಿಗೆ ಹುಟ್ಟಿನಿಂದ ಕಿವಿ ಕೇಳದು. ಅವಳ ತಂಗಿಗೂ ಅಷ್ಟೇ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಇಸ್ತ್ರಿಯಾಗಿ ದೊಡ್ಡ ಉರುಳೆಗಳ ನಡುವಿನಿಂದ ಬಿಸಿಬಿಸಿಯಾಗಿ ಹೊರಬೀಳುವ ಕಡೆ ಇಬ್ಬರೂ ಎದುರುಬದುರು ನಿಂತು ಮಡಿಸುತ್ತಿದ್ದರು. ಯಂತ್ರಗಳ ಗದ್ದಲದಲ್ಲಿ ಕಿವಿ ಇದ್ದವರು ಗಂಟಲು ಹರಿದುಕೊಳ್ಳುವಾಗ ಇವರಿಬ್ಬರು ಮಾತ್ರ ನಿರಾಳ. ಅಂಚಿಗೆ ಅಂಚು ಸೇರಿಸಿ, ಮಡಿಕೆ ತಟ್ಟಿ, ಮುಂದಿನ ಬಟ್ಟೆ ಬರುವಷ್ಟರಲ್ಲಿ ಊರಿನ ಸುದ್ದಿಯೆಲ್ಲ ಕೈಯಲ್ಲೇ ಮುಗಿದಿರುತ್ತಿತ್ತು. ಸದಾ ನೆಗಡಿಯಿಂದ ಒದ್ದಾಡುವ ಸೂಪರ್‌ವೈಸರನಿಗೆ ಅವರಿಟ್ಟ ಹೆಸರು 'ಸೋರುವ ನಲ್ಲಿ'. ಮೂಗಿನ ತುದಿಯಿಂದ ಬೆರಳನ್ನು ತೊಟ್ಟಿಕ್ಕಿಸಿದರೆ ಅವನು ಬಂದ ಎಂದರ್ಥ. ಅವನ ಕಣ್ಣೆದುರೇ ಅವನನ್ನು ಆಡಿಕೊಂಡರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಪಾಪ, ಅವರ ಜೊತೆ ತಾನೂ ನಗುತ್ತಿದ್ದ.

ಈಗ ಕಿಟಕಿಯ ಬಳಿ ಸ್ಟೂಲು ಹಾಕಿಕೊಂಡು ಒಬ್ಬಳು ಕೂತಿದ್ದಾಳೆ. ಇವರ ಕೈ ಆಡಿದಾಗಲೆಲ್ಲ ಅವಳ ಪೆನ್ಸಿಲೂ ಆಡುತ್ತದೆ.

"ಏನಂತೆ ಅವಳದು?" ಎಂದು ದೊಡ್ಡಕ್ಕ ಕೈಯಲ್ಲಿ ಕೇಳಿದಳು. ತಂಗಿ ಚಿಕ್ಕಂದಿನಲ್ಲಿ ಕಿವುಡರ ಶಾಲೆಗೆ ಹೋದವಳು. ಮೇಡಂ ಆಡುತ್ತಿದ್ದ ಶಾಲೆಯ ಕೈಭಾಷೆ ಅವಳಿಗೆ ಬರುತ್ತಿತ್ತು.

"ನಮ್ಮ ಮಾತು ಬರೆದಿಡ್ತಾಳಂತೆ. ಬೆರಳು ಹೇಗಿತ್ತು ಅನ್ನೋದಕ್ಕೊಂದು ಗುರುತು, ಮೈಮೇಲೆ ಎಲ್ಲಿ ಮುಟ್ಟಿತು ಅನ್ನೋದಕ್ಕೊಂದು. ಕೈ ಯಾವ ಕಡೆ ಹೋಯ್ತೋ ಆ ಕಡೆಗೆ ಬಾಣ. ಮುಖ ಅಂದ್ರೆ ಒಂದು ಸೊನ್ನೆ. ಹುಬ್ಬು ಏರಿಸಿದ್ರೆ ಅದರೊಳಗೊಂದು ಗೀಟು."

"ಯಾಕೆ?"

"ನಾವು ಆಡೋದು ಶಾಲೇಲಿ ಕಲಿಸಿದ್ದಲ್ಲ, ಮನೇಲಿ ನಾವೇ ಮಾಡ್ಕೊಂಡಿದ್ದು. ನಾವು ಸತ್ರೆ ಅದೂ ಹೋಗುತ್ತಂತೆ."

"ಹೋದ್ರೆ ಇವಳ ಗಂಟೇನು ಹೋಗುತ್ತೆ?" ಎಂದು ದೊಡ್ಡಕ್ಕ ಬಟ್ಟೆಯನ್ನು ಝಾಡಿಸಿದಳು.

ಅವಳ ಅನುಮಾನ ಸುಮ್ಮಸುಮ್ಮನೆ ಬಂದದ್ದಲ್ಲ. ಹರೆಯದಲ್ಲಿ ಅವಳ ಮನೆಯಲ್ಲಿ ಚಿಕ್ಕಮ್ಮ ಒಬ್ಬಳಿದ್ದಳು. ಅಕ್ಕತಂಗಿಯರ ಕೈಮಾತನ್ನು ಅಕ್ಕರೆಯಿಂದ ಕಲಿತವಳು ಅವಳೊಬ್ಬಳೇ. ತಲೆ ಬಾಚುತ್ತ, ತಪ್ಪಾದರೆ ನಗುತ್ತ, ಒಂದೊಂದೇ ಮಾತು ಹೇಳಿಸಿಕೊಂಡಿದ್ದಳು. ಆ ದಿನಗಳಲ್ಲಿ ಪಕ್ಕದ ಬೀದಿಯ ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಿದ್ದ ಕಿವಿ ಕೇಳದ ಹುಡುಗನೊಬ್ಬನ ಮೇಲೆ ದೊಡ್ಡಕ್ಕನಿಗೆ ಮನಸ್ಸಾಗಿತ್ತು. ಅದನ್ನು ಅವಳು ತಂಗಿಗೆ ಮಾತ್ರ ಹೇಳಿದ್ದಳು, ಅಡುಗೆಮನೆಯ ಮೂಲೆಯಲ್ಲಿ, ಎದೆಯ ಹತ್ತಿರ ಕೈ ಸಣ್ಣದಾಗಿ ಆಡಿಸಿ. ಚಿಕ್ಕಮ್ಮ ಬಾಗಿಲಲ್ಲಿ ನಿಂತು ನೋಡಿಬಿಟ್ಟಳು. ಸಂಜೆಗೆಲ್ಲ ಅಪ್ಪನಿಗೆ ಸುದ್ದಿ ಮುಟ್ಟಿತು. ಆ ಬೀದಿಯ ಕಡೆ ದೊಡ್ಡಕ್ಕ ಮತ್ತೆ ಹೆಜ್ಜೆ ಇಡುವಂತಿರಲಿಲ್ಲ. ಮದುವೆಯ ಮಾತು ಮತ್ತೆ ಬಂದಾಗಲೆಲ್ಲ ಅವಳು ಬೆನ್ನು ತಿರುಗಿಸಿ ಕೂತಳು. ನೋಡದೆ ಹೋದರೆ ಅವಳಿಗೆ ಯಾರೂ ಏನೂ ಹೇಳುವಂತಿಲ್ಲವಲ್ಲ.

ಹಾಗಾಗಿ ಮೇಡಂ ನಕ್ಕಷ್ಟೂ ದೊಡ್ಡಕ್ಕನ ಮುಖ ಗಂಟಾಯಿತು. ಒಂದು ದಿನ ಅವಳು ಬೇಕೆಂದೇ ಕಿಟಕಿಯ ಕಡೆ ತಿರುಗಿ, ಕೈಗಳನ್ನು ಅಗಲವಾಗಿ ಬೀಸಿ ತಂಗಿಗೆ ಹೇಳಿದಳು: "ನಾಳೆ ಊಟಕ್ಕೆ ಬಿಟ್ಟಾಗ ಇಬ್ಬರೂ ಹಾಗೇ ಹೊರಟುಬಿಡೋಣ. ವಾಪಸ್ ಬರೋದೇ ಬೇಡ."

ತಂಗಿ ಬಾಯಿ ಬಿಟ್ಟಳು. "ತಲೆ ಕೆಟ್ಟಿದೆಯಾ ನಿಂಗೆ?"

ದೊಡ್ಡಕ್ಕ ಓರೆಗಣ್ಣಿನಿಂದ ಕಿಟಕಿಯ ಕಡೆ ನೋಡಿದಳು. ಪೆನ್ಸಿಲು ಹಾಳೆಯ ಮೇಲೆ ಓಡುತ್ತಿತ್ತು.

ಮರುದಿನ ಊಟದ ಹೊತ್ತಿಗೆ ಸೋರುವ ನಲ್ಲಿ ಹೊರಬಾಗಿಲಲ್ಲೇ ಕಂಬದಂತೆ ನಿಂತಿದ್ದ. ಕೈಯಲ್ಲಿ ಕರವಸ್ತ್ರ, ಕಣ್ಣು ಇವರ ಮೇಲೆ. ಅಲ್ಲಿಗೆ ದೊಡ್ಡಕ್ಕನ ಲೆಕ್ಕ ಸರಿಹೋಯಿತು: ಮೇಡಂ ಅವನಿಗೆ ಸುದ್ದಿ ಮುಟ್ಟಿಸಿದ್ದಾಳೆ. ಅಂದಿನಿಂದ ದೊಡ್ಡಕ್ಕ ಕೆಲಸದ ಜಾಗದಲ್ಲಿ ಮಾತೇ ಆಡಲಿಲ್ಲ. ಬಟ್ಟೆ ಹಿಡಿ, ಮಡಿಸು, ಇಡು, ಅಷ್ಟೇ. ತಂಗಿ ಏನಾದರೂ ಹೇಳಲು ಕೈ ಎತ್ತಿದರೆ ಆ ಕೈಗೆ ಬಟ್ಟೆಯ ತುದಿ ತುರುಕುತ್ತಿದ್ದಳು.

ಇಡೀ ದಿನ ಕೈಗೆ ಬೀಗ ಹಾಕಿಕೊಂಡು ಬದುಕುವುದು ತಂಗಿಯಿಂದಾಗದ ಮಾತು. ರಜೆಯ ದಿನ ಅವಳು ಹೇಳದೆ ಕೇಳದೆ ಮೇಡಮ್ಮನ್ನು ಮನೆಗೇ ಕರೆತಂದಳು. ಜೊತೆಗೆ ಮೇಡಂ ಬರೆಯುವ ಗುರುತು ಓದಬಲ್ಲ ಕಿವುಡರ ಶಾಲೆಯ ಮೇಷ್ಟರೊಬ್ಬರು, ಅವರಿಗೂ ಕಿವಿ ಕೇಳದು. ಅವರು ಈ ಅಕ್ಕತಂಗಿಯರನ್ನು ಎಂದೂ ಕಂಡವರಲ್ಲ.

ದೊಡ್ಡಕ್ಕ ಬೇಕೆಂದೇ ಕೈ ಬೀಸಿದ್ದ ದಿನದ ಹಾಳೆಯನ್ನು ಮೇಡಂ ಮೇಷ್ಟರ ಕೈಗಿತ್ತಳು. ಅವರು ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟು ಒಂದೊಂದೇ ಗುರುತು ಓದುತ್ತ ನಿಧಾನವಾಗಿ ಕೈ ಆಡಿಸಿದರು. ನಾಳೆ. ಊಟ. ಇಬ್ಬರೂ. ಹೊರಡು. ಏನು ಹೇಳುತ್ತಿದ್ದೇನೆಂದು ಅವರಿಗೇ ಗೊತ್ತಿರಲಿಲ್ಲ, ಆದರೆ ಬೀಸಿದ ಕೈ ದೊಡ್ಡಕ್ಕನದೇ. ಎಷ್ಟರಮಟ್ಟಿಗೆಂದರೆ ಅವರ ಬಲಗೈಯ ಕಿರುಬೆರಳು ಉದ್ದಕ್ಕೂ ಸೆಟೆದು ನಿಂತಿತ್ತು. ದೊಡ್ಡಕ್ಕನ ಕಿರುಬೆರಳು ಹಿಂದೊಮ್ಮೆ ಉರುಳೆಗೆ ಸಿಕ್ಕಿ ಮುರಿದು, ಆಮೇಲೆ ಮಡಚದಾಗಿತ್ತು. ಮೇಡಂ ಅದನ್ನೂ ಭಾಷೆಯೆಂದೇ ಬರೆದುಕೊಂಡಿದ್ದಳು. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ದೊಡ್ಡಕ್ಕ ನಗಲಿಲ್ಲ. ಗೋಡೆಯ ಆಚೆ ಹೋಗಬಾರದ ಮಾತು ಇಲ್ಲಿ ಅಪರಿಚಿತನೊಬ್ಬನ ಕೈಗೆ ಬಂದು ಕೂತಿದೆ.

"ಇವರು ಓದಿದಂತೆ ನಲ್ಲಿಯೂ ಓದಬಹುದು," ಎಂದು ತಂಗಿಯ ಮೂಲಕ ಹೇಳಿಸಿದಳು. "ಆ ದಿನ ಬಾಗಿಲಲ್ಲಿ ಯಾಕೆ ನಿಂತಿದ್ದ?"

"ಬಾಯ್ಲರ್ ನೋಡೋಕೆ ಇನ್‌ಸ್ಪೆಕ್ಟರ್ ಬರೋರಿದ್ರು. ಅವರನ್ನ ಕಾಯ್ತಿದ್ರು. ನನಗೆ ನಿಮ್ಮ ಮಾತು ಬರೆಯೋಕೆ ಬರುತ್ತೆ, ಅರ್ಥ ಇನ್ನೂ ಆಗಲ್ಲ ಅಕ್ಕಾ," ಎಂದಳು ಮೇಡಂ.

"ಅವನು ನಿನ್ನನ್ನ ಏನೂ ಕೇಳಿಲ್ವಾ?"

ಮೇಡಂ ತಲೆ ತಗ್ಗಿಸಿದಳು. "ಕೇಳಿದ್ರು. ಮೊದಲನೇ ವಾರದಲ್ಲೇ. ಅವರಿಬ್ಬರು ಏನು ಮಾತಾಡ್ಕೋತಾರೆ, ಸ್ವಲ್ಪ ನನಗೂ ಹೇಳಿ ಅಂದ್ರು. ಅರ್ಥ ಆಗಲ್ಲ ಅಂದೆ."

"ಅರ್ಥ ಆದ ಮೇಲೆ?"

ಮೇಡಂ ಪೆನ್ಸಿಲನ್ನು ಬೆರಳುಗಳ ನಡುವೆ ಹೊರಳಿಸುತ್ತ ಕೂತಳು. ದೊಡ್ಡಕ್ಕ ಅವಳ ಮುಖವನ್ನು ಬಟ್ಟೆಯ ಕಲೆ ಹುಡುಕುವಂತೆ ದಿಟ್ಟಿಸಿದಳು. ಥಟ್ಟನೆ ಆಣೆ ಇಟ್ಟಿದ್ದರೆ ಅಂದೇ ಬಾಗಿಲು ತೋರಿಸುತ್ತಿದ್ದಳೋ ಏನೋ. ಯಾರಿಗೂ ಹೇಳುವುದಿಲ್ಲವೆಂದು ಅಂದು ಚಿಕ್ಕಮ್ಮನೂ ಆಣೆ ಇಟ್ಟಿದ್ದಳು.

"ಹಾಗಾದ್ರೆ ನಂಗೂ ಕಲಿಸು," ಎಂದಳು ಕೊನೆಗೆ. "ನಾನು ಓದಿ ನೋಡದೆ ಒಂದು ಹಾಳೆಯೂ ಹೊರಗೆ ಹೋಗಬಾರದು."

ಹೀಗೆ ಅಕ್ಷರದ ಮುಖ ನೋಡದ ದೊಡ್ಡಕ್ಕ ಕಳ್ಳರನ್ನು ಹಿಡಿಯಲೆಂದು ಓದು ಕಲಿತಳು. ಕಲಿಯಲು ಸುಮಾರು ಕಾಲವೇ ಹಿಡಿಯಿತು. ಬಾಣ ತಿರುವುಮುರುವಾಗುತ್ತಿತ್ತು, ಎಡಗೈ ಬಲಗೈ ಅದಲುಬದಲಾಗಿ ತಂಗಿಯ ಜೊತೆ ಜಗಳವಾಗುತ್ತಿತ್ತು. ಆದರೂ ಬಿಡಲಿಲ್ಲ. ಕೆಲಸದ ಜಾಗದಲ್ಲಿ ಮಾತು ಮರಳಿತು, ಆದರೆ ಸಂಜೆ ಹಾಳೆಗಳು ಅವಳ ಮುಂದೆ ಬಂದು ಬೀಳಬೇಕು. ಬೇಡವೆನಿಸಿದ್ದನ್ನು ಅವಳೇ ಅಳಿಸುವಳು. ಮೊದಲು ಅಳಿಸಿದ್ದು ಸೋರುವ ನಲ್ಲಿಯನ್ನು. ಮೇಡಂ ಒಂದೊಂದು ಸಲ ಮುಖ ಹಿಂಡುತ್ತಿದ್ದಳು, ಎದುರಾಡುತ್ತಿರಲಿಲ್ಲ.

ಕೆಲಸ ಮುಗಿಯುತ್ತ ಬಂದ ಒಂದು ಸಂಜೆ ಮೇಡಂ ಕೇಳಿದಳು, ಈಗ ತಂಗಿಯ ನೆರವಿಲ್ಲದೆ, ದೊಡ್ಡಕ್ಕನ ಮಾತಿನಲ್ಲೇ: "ಅಕ್ಕಾ, ಗುಟ್ಟು ಅನ್ನೋದಕ್ಕೆ ನಿಮ್ಮಲ್ಲಿ ಹೇಗೆ?"

ತಂಗಿ ಕೈ ಎತ್ತಿದಳು. ದೊಡ್ಡಕ್ಕ ಮೇಜಿನ ಕೆಳಗೆ ಅವಳ ಕಾಲು ತುಳಿದಳು.

"ಅದು ನಮ್ಮಲ್ಲಿ ಇಲ್ಲ," ಎಂದಳು.

ಮೇಡಂ ಅವಳನ್ನೂ, ತುಟಿ ಕಚ್ಚಿಕೊಂಡು ಕೂತ ತಂಗಿಯನ್ನೂ ನೋಡಿದಳು. ಆಮೇಲೆ ಪೆನ್ಸಿಲು ಎತ್ತಿಕೊಂಡು, ಇಲ್ಲ ಎಂದೇ ಆ ಗುರುತುಗಳಲ್ಲಿ ಬರೆದುಕೊಂಡಳು. ದೊಡ್ಡಕ್ಕ ಕುತ್ತಿಗೆ ಚಾಚಿ ಅದನ್ನೂ ಓದಿದಳು.