ಜೋಳದ ಚೀಲದ ಮೇಲೆ ಮೂಡಲಗಿಗೆ

ಹುಕ್ಕೇರಿಯ ಬಸ್‌ನಿಲ್ದಾಣದಲ್ಲಿ ಅವ್ವ ನನ್ನ ಕೈಗೆ ಬುತ್ತಿಯ ಗಂಟು ಕೊಟ್ಟಾಗ ಮುಂಜಾನೆಯ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಅದು ಅರವತ್ತನಾಲ್ಕರ ಮೇ ತಿಂಗಳು. ಮದುವೆಯಾಗಿ ಎರಡೇ ದಿನವಾಗಿತ್ತು. ಮೊದಲ ಸಲ ಗಂಡನ ಮನೆಗೆ, ಮೂಡಲಗಿಗೆ ಹೊರಟಿದ್ದೆ. ಜೊತೆಗೆ ಗಂಡ, ಮತ್ತು ನನ್ನನ್ನು ಮುಟ್ಟಿಸಿ ಬರಲು ಸಿದ್ದಪ್ಪ ಕಾಕಾ. ಗಂಡನೊಂದಿಗೆ ಅಲ್ಲಿಯವರೆಗೆ ಒಂದು ಮಾತನ್ನೂ ಆಡಿರಲಿಲ್ಲ. ಮದುವೆಯಲ್ಲಿ ತಲೆ ಬಗ್ಗಿಸಿ ಕೂತ ನಾನು ಸರಿಯಾಗಿ ನೋಡಿದ್ದು ಅವರ ಪಾದಗಳನ್ನಷ್ಟೇ.

ಘಟಪ್ರಭಾದಲ್ಲಿ ಬಸ್ಸು ಬದಲಿಸಿದೆವು. ನಮ್ಮಿಬ್ಬರ ನಡುವೆ ಕೂತ ಕಾಕಾ ದಾರಿಯುದ್ದಕ್ಕೂ ಮಾತಾಡಿದ. ಗೋಕಾಕ ಜಲಪಾತದ ದಿಕ್ಕಿಗೆ ಕೈಮಾಡಿ, "ಈಗೇನ ಐತಿ, ಬರೇ ಬಂಡಿಗಲ್ಲು. ಮಳಿಗಾಲದಾಗ ನೋಡಬೇಕ ಇದನ್ನ" ಅಂದ. ಗೋಕಾಕ ಮುಟ್ಟಿದಾಗ ಮಧ್ಯಾಹ್ನ. ಮೂಡಲಗಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಎದುರಿನ ಚಹಾದಂಗಡಿಯ ನೆರಳಿನಲ್ಲಿ ಕೂತೆವು.

ಅಂಗಡಿಯ ರೇಡಿಯೋದಲ್ಲಿ ಹಾಡು ನಡುವೆಯೇ ನಿಂತಿತು. ಆಮೇಲೆ ಬಂದ ದನಿ ಹೇಳಿದ್ದು ನನಗೆ ತಿಳಿಯಲಿಲ್ಲ. ಅಂಗಡಿಯವನು ಒಲೆಯ ಮೇಲಿನ ಪಾತ್ರೆ ಇಳಿಸಿ, "ಪ್ರಧಾನಿ ತೀರಿಕೊಂಡ್ರಂತರಿ" ಅಂದ. ಬಾಜೂ ಅಂಗಡಿಯವನು ಕರದಂಟು ತೂಗುತ್ತಿದ್ದ. ತಕ್ಕಡಿಯನ್ನು ಹಾಗೆಯೇ ಬಿಟ್ಟು ಬಾಗಿಲೆಳೆದ. ನೋಡನೋಡುತ್ತ ಪೇಟೆಯೇ ಮುಚ್ಚಿತು.

ನನ್ನ ಗಂಡ ಗೋಡೆಯ ಕಡೆ ತಿರುಗಿ ನಿಂತಿದ್ದರು. ಭುಜಗಳು ಅಲುಗುತ್ತಿದ್ದವು. ಗಂಡಸರು ಅಳುವುದನ್ನು ನಾನು ಕಂಡಿದ್ದು ಸಾವಿನ ಮನೆಯಲ್ಲಿ ಮಾತ್ರ. ಏನು ಮಾಡಬೇಕೆಂದು ತಿಳಿಯದೆ ಬುತ್ತಿಯ ಗಂಟನ್ನು ಗಟ್ಟಿಯಾಗಿ ಹಿಡಿದು ಕೂತೆ.

"ಇವತ್ತ ಗಾಡಿ ಹೋಗೂದಿಲ್ರಿ," ಅಂದ ಮೂಡಲಗಿ ಬಸ್ಸಿನ ಡ್ರೈವರ್. ಪೇಟೆ ಮುಚ್ಚಿದ್ದರಿಂದ ಜೋಳದ ಚೀಲಗಳನ್ನು ಇಳಿಸದೆ ಮೂಡಲಗಿಗೆ ಮರಳುತ್ತಿದ್ದ ಒಂದು ಟ್ರಕ್ಕನ್ನು ಕಾಕಾ ಹುಡುಕಿ ತಂದ. ಮುಂದೆ ಡ್ರೈವರನ ಪಕ್ಕ ಒಬ್ಬರಿಗೇ ಜಾಗ. ಕಾಕಾ ನನ್ನನ್ನು ಅಲ್ಲಿ ಕೂಡಿಸುತ್ತಾನೆಂದುಕೊಂಡೆ. "ನನಗ ಮೊಣಕಾಲ ನೋವ ಐತಿ, ಅಳಿಯಾರ. ನೀವಿಬ್ಬರೂ ಹಿಂದ ಕೂಡ್ರಿ," ಅಂದ. ಕಾಕಾನ ಮೊಣಕಾಲು ಯಾವತ್ತೂ ನೋಯುವುದನ್ನು ನಾನು ಕಂಡಿರಲಿಲ್ಲ.

ಮದುವೆಯ ಇಳಕಲ್ಲ ಸೀರೆ ಉಟ್ಟು, ಜೋಳದ ಚೀಲಗಳ ಮೇಲೆ ಕೂತು ನಾನು ಗೋಕಾಕ ಬಿಟ್ಟೆ. ಬಿಸಿಗಾಳಿ, ಕೆಂಧೂಳು. ಕಡೆಗೆ ನಾನೇ ಗಂಟು ಬಿಚ್ಚಿದೆ.

"ಮುಂಜಾನಿಂದ ಏನೂ ಉಂಡಿಲ್ಲ ನೀವು. ತಗೋರಿ."

ಅವರು ರೊಟ್ಟಿ ಹಿಡಿದುಕೊಂಡರು, ತಿನ್ನಲಿಲ್ಲ. "ಸಣ್ಣಾಂವ ಇದ್ದಾಗ ಅಪ್ಪ ಹೆಗಲ ಮ್ಯಾಲ ಕೂಡಿಸ್ಕೊಂಡು ಈ ಪ್ರಧಾನಿಯವರ ಭಾಷಣಕ್ಕ ಕರಕೊಂಡು ಹೋಗಿದ್ದ," ಅಂದರು. "ಮಂದ್ಯಾಗ ಅವರು ಕಾಣಲೇ ಇಲ್ಲ. ಅಪ್ಪನ ರುಮಾಲ ಅಷ್ಟ ನೆನಪೈತಿ. ಮರುವರ್ಷ ಅಪ್ಪ ಹ್ವಾದ. ನಾ ಆವಾಗ ಅತ್ತಿರಲಿಲ್ಲ."

ನಾನು ಇನ್ನೊಂದು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಕೊಟ್ಟೆ. ಅದನ್ನು ತಿಂದರು. ನಾಗನೂರು ಸಮೀಪಿಸುವಾಗ ಒಳಗಿದ್ದ ಹೆದರಿಕೆ ಬಾಯಿಗೆ ಬಂತು.

"ಊರಾಗ ನನ್ನ ಕಾಲ್ಗುಣಾ ಅಂದ್ರ ಏನ ಮಾಡ್ಲಿರಿ?"

"ಅಂದ್ರೂ ಅಂತಾರ. ನಾ ಇರ್ತೇನಿ," ಅಂದರು.

ಹೊತ್ತು ಮುಳುಗುವಾಗ ಮೂಡಲಗಿ ಮುಟ್ಟಿದೆವು. ಅತ್ತೆ ವಾಜಂತ್ರಿ ಬಾರಿಸುವವರನ್ನು ಆಗಲೇ ಮನೆಗೆ ಕಳಿಸಿದ್ದರು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಮಾತ್ರ ಇತ್ತು. ಅತ್ತೆಯ ಕಣ್ಣೂ ಕೆಂಪಾಗಿದ್ದವು. ಕಟ್ಟೆಯ ಮೇಲೆ ಓಣಿಯ ಹೆಂಗಸರು ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು. ಅವರಲ್ಲಿ ಪಕ್ಕದ ಮನೆಯ ಗಂಗವ್ವ ನನ್ನ ಕಾಲನ್ನೇ ನೋಡಿ, "ಸೊಸಿ ಕಾಲಿಡೂ ದಿನಾನ ದೇಶದ ಯಜಮಾನ ಹ್ವಾದ ನೋಡವಾ" ಅಂದಳು. ನನ್ನ ಕಾಲು ಅಲ್ಲೇ ನಿಂತವು. ಗಂಡ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮುಂದೆ ಬಂದರು.

"ಅವರು ದಿಲ್ಲ್ಯಾಗ ಹೋದ್ರ ಅದಕ್ಕ ಈಕಿ ಕಾಲ ಏನ ಮಾಡ್ತೈತಿ, ಗಂಗವ್ವ? ಈಕಿ ಕಾಲಿಗೆ ಅಷ್ಟ ಸತ್ವ ಇದ್ರ ಮೊದಲ ಹೊಲಕ್ಕ ಕರಕೊಂಡು ಹೋಗಿ ಮಳಿ ತರಸ್ತಿದ್ನಿ. ದಾರಿ ಬಿಡು, ಕೂಸು ದಣದೈತಿ."

ಅಳುತ್ತಿದ್ದ ಹೆಂಗಸರೂ ನಕ್ಕುಬಿಟ್ಟರು. ಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಸೇರು ಒದ್ದೆ. ಅಕ್ಕಿ ಒಳಗೆ ಚೆಲ್ಲಿತು. ಆ ಸಂಜೆ ಅತ್ತೆ ನನ್ನನ್ನು ಕಟ್ಟೆಯ ಮೇಲೆ ತಮ್ಮ ಪಕ್ಕದಲ್ಲೇ ಕೂಡಿಸಿಕೊಂಡು, ತಮ್ಮ ಗಂಡ ಹೋದ ದಿನದ ಕಥೆ ಹೇಳಿದರು. ತಂದೆಗಾಗಿ ಅಳದ ಮಗ ಇಂದು ಅತ್ತನೆಂದು ಹೇಳಿದೆ. "ಅತ್ನಾ?" ಅಂದವರು ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ.

ವಾರ ಕಳೆದ ಮೇಲೆ ಅಣ್ಣ ತವರಿಗೆ ಕರೆಯಲು ಬಂದ. ಅವ್ವನನ್ನು ನೋಡುವ ಆಸೆಗೆ ನಾನು ನಸುಕಿನಲ್ಲೇ ಎದ್ದು ತಯಾರಾಗಿದ್ದೆ. ಬಸ್ಸು ಹೊರಟಾಗ ಅತ್ತೆ, ಅವರ ಹಿಂದೆ ನನ್ನ ಗಂಡ, ಧೂಳಿನಲ್ಲಿ ನಿಂತೇ ಇದ್ದರು. ಅಣ್ಣ ಊರಿನ ಸುದ್ದಿ ಹೇಳುತ್ತಿದ್ದ. ನಾನು ಹೂಂ ಅನ್ನುತ್ತಲೇ ಕಿಟಕಿಯಿಂದ ಹೊರಗೆ ತಲೆ ಹಾಕಿ, ಅವರಿಬ್ಬರೂ ಕಾಣದಾಗುವವರೆಗೆ ಹಿಂದಕ್ಕೇ ನೋಡುತ್ತಿದ್ದೆ.