ಗೋರಿ ತೊಳೆದ ನೀರು

ಬಾಬಾರ ಗೋರಿಗೆ ಹರಕೆ ಹೊತ್ತು ಬರುವ ಹೆಂಗಸರೆಲ್ಲ ಅವಳನ್ನು ಚೊಂಬಿನ ಖಾಲಾ, ಅಂದರೆ ಚೊಂಬಿನ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಗುರುವಾರ ಬೆಳಿಗ್ಗೆ ಒಳಗೆ ಗಂಡಸರು ಗೋರಿ ತೊಳೆದರೆ, ಆ ನೀರು ಕಲ್ಲಿನ ಕಾಲುವೆಯಲ್ಲಿ ಹರಿದು ಅಂಗಳದ ತೊಟ್ಟಿಗೆ ಬೀಳುತ್ತಿತ್ತು. ಅದನ್ನು ಚೊಂಬಿನಲ್ಲಿ ಮೊಗೆದು ಬಂದವರ ಬಾಟಲಿಗೆ ತುಂಬುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ. ಬಾಬಾ ಎಂದರೆ ಅವಳಿಗೆ ಪ್ರಾಣ. ಅವಳಿಗೆ ಹೇಸಿಗೆಯಿದ್ದದ್ದೆಲ್ಲ ಆ ತೊಟ್ಟಿಯ ಮೇಲೆ.

ಗೋರಿ ನೋಡಿಕೊಳ್ಳುತ್ತಿದ್ದ ದೊಡ್ಡ ಮುಜಾವರರು ಇದ್ದಾಗ ವಾರವಾರ ತೊಟ್ಟಿ ಉಜ್ಜಿಸುತ್ತಿದ್ದರು. ಅವರ ಮಗನ ಕಾಲಕ್ಕೆ ಅದಕ್ಕೂ ಎಳ್ಳುನೀರು ಬಿಟ್ಟಾಯಿತು. ಕಾಲು ತೊಳೆಯುವ ನಲ್ಲಿಯ ಮೋರಿ ಒಡೆದು ಇದೇ ತೊಟ್ಟಿಗೆ ತಿರುಗಿತು. ಕೊಳೆತ ಗುಲಾಬಿ, ಪಾರಿವಾಳದ ಹಿಕ್ಕೆ, ಯಾರದೋ ತಲೆಗೂದಲು, ಥೂ! ಹೇಳಿದರೆ, ಬಾಬಾರ ನೀರು ಕೆಡುವುದಿಲ್ಲ, ನೀನು ಸುಮ್ಮನೆ ತುಂಬು ಎನ್ನುತ್ತಿದ್ದ ಆ ಮಹಾಶಯ. ಕೈ ಎಷ್ಟು ಉಜ್ಜಿ ತೊಳೆದರೂ ಊಟಕ್ಕೆ ಕೂತಾಗ ಅವಳಿಗೆ ಅದೇ ವಾಸನೆ. ಆದರೂ ತುಂಬಿದಳು.

ಆ ಗುರುವಾರ ಸಾಲಿನ ಮುಂದೆ ಅವಳ ಮಗಳೇ ನಿಂತಿದ್ದಳು. ಹೆಗಲ ಮೇಲೆ ಎಂಟು ತಿಂಗಳ ಹೆಣ್ಣುಕೂಸು. ಎರಡು ದಿನದಿಂದ ಭೇದಿಯಾಗಿ ಅದರ ಕಣ್ಣು ಗುಳಿ ಬಿದ್ದಿತ್ತು. ಬಾಬಾರ ನೀರು ಕುಡಿಸಿಕೊಂಡು ಬಾ ಎಂದು ಅತ್ತೆ ಕಳಿಸಿದ್ದಳಂತೆ.

ಖಾಲಾ ಚೊಂಬನ್ನು ಹಿಂದಕ್ಕೆ ಎಳೆದುಕೊಂಡಳು. ಈ ನೀರು ಬೇಡ, ಆಸ್ಪತ್ರೆಗೆ ನಡೆ ಎಂದಳು.

"ಯಾಕಮ್ಮಿ? ಪಕ್ಕದ ಮನೆ ಮಗುಗೆ ನೀನೇ ತುಂಬಿಕೊಟ್ಟಿದ್ದೆಯಲ್ಲ?"

ಅಷ್ಟರಲ್ಲಿ ಮುಜಾವರ ಬಂದು, ಹತ್ತು ಜನರೆದುರು ಬಾಬಾರ ಮರ್ಯಾದೆ ತೆಗೆಯುತ್ತೀಯಾ ಎಂದು ಗದರಿದ. ಖಾಲಾ ತೊಟ್ಟಿಯಿಂದ ಒಂದು ಚೊಂಬು ಮೊಗೆದು ಅವನ ಮೂಗಿನ ಹತ್ತಿರ ಹಿಡಿದಳು.

"ಕೆಡಲ್ಲ ಅಂತೀರಲ್ಲ, ನೀವೊಂದು ಗುಟುಕು ಕುಡೀರಿ. ಆಮೇಲೆ ನನ್ನ ಮೊಮ್ಮಗಳಿಗೆ ಕುಡಿಸ್ತೀನಿ."

ಚೊಂಬಿನೊಳಗೆ ಒಂದು ಹುಳ ಮಿಸುಕಾಡುತ್ತಿತ್ತು. ಅವನು ಬಗ್ಗಿ ನೋಡಿ, ತನಗಿವತ್ತು ಉಪವಾಸ ಎಂದ. ಅವನ ಕೈಯಲ್ಲಿ ಅರ್ಧ ಕಚ್ಚಿದ ಬಿಸ್ಕತ್ತಿತ್ತು.

ಅವಳು ನೀರನ್ನು ಅವನ ಕಾಲಬುಡಕ್ಕೆ ಸುರಿದು, ಚೊಂಬನ್ನು ಬಿಸಾಕಿ, ಕೂಸನ್ನು ಎತ್ತಿಕೊಂಡು ಮಗಳ ಜೊತೆ ಹೊರಟಳು. ಬಾಗಿಲಲ್ಲಿ ತಿರುಗಿ ನೋಡಿದರೆ, ಎಲ್ಲವನ್ನೂ ಕಣ್ಣಾರೆ ಕಂಡ ಆ ಸಾಲು ಒಂದು ಹೆಜ್ಜೆ ಮುಂದೆ ಸರಿದಿತ್ತು. ಈಗ ಸಾಲಿನ ಮುಂದಿದ್ದ ಹೆಂಗಸು ಬಿದ್ದ ಚೊಂಬನ್ನು ಎತ್ತಿಕೊಂಡು ತಾನೇ ಮೊಗೆಯುತ್ತಿದ್ದಳು. ಅವಳ ಸೊಂಟದಲ್ಲೂ ಒಂದು ಕೂಸಿತ್ತು.