ಸುಲಿದು ಕೊಟ್ಟ ಬೀಜ

ಕೋವಿಡ್ ವಾರ್ಡ್ ಮುಚ್ಚಿದ ಮರುವರ್ಷ ನಾನು ಸಿದ್ದಾಪುರದ ಕಡೆ ಒಂದು ಸಣ್ಣ ಆಸ್ಪತ್ರೆಯಲ್ಲಿ ವೈದ್ಯೆಯಾಗಿದ್ದೆ. ಎಸ್ಟೇಟ್ ಲೈನುಗಳಿಂದ, ಅಂದರೆ ತೋಟದ ಆಳುಗಳ ಸಾಲುಮನೆಗಳಿಂದ ಬರುವ ಜ್ವರ, ಕ್ಷಯ, ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು, ಇವೇ ಹೆಚ್ಚು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನರ್ಸ್‌ಗಳು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ರೋಗಿಯನ್ನು ಕರೆತಂದು ಅರ್ಧ ಮಾತು ನುಂಗಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಪಾಲಿಬೆಟ್ಟದ ಸುಬ್ಬಯ್ಯನವರು ಮಾತ್ರ ಏನನ್ನೂ ಮುಚ್ಚಿಡುವವರಲ್ಲ. ಎಸ್ಟೇಟ್ ರೈಟರ್ ಆಗಿ ಆಳುಗಳ ಹಾಜರಿ ಬರೆದು ನಿವೃತ್ತರಾದವರು. ಹೆಂಡತಿ ಬೋಜಮ್ಮನಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಒಲೆ ಆರಿಸುವುದನ್ನು ಮರೆತರು, ಆಮೇಲೆ ದಾರಿ ಮರೆತರು, ಕೊನೆಗೆ ಜೊತೆಯಲ್ಲೇ ಇರುವ ಮಗಳ ಹೆಸರನ್ನೂ ಮರೆತರು. ಗಂಡನ ಹೆಸರು ಮಾತ್ರ ಆಗಾಗ ಬಾಯಿಗೆ ಬರುತ್ತಿತ್ತು. "ಅದೊಂದು ಉಳಿದ್ರೆ ಸಾಕು ಮೇಡಂ, ಬೇರೇನೂ ಬೇಡ," ಎಂದು ಸುಬ್ಬಯ್ಯನವರು ಪ್ರತಿ ಸಲ ಹೇಳುತ್ತಿದ್ದರು. ಅದು ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಮಾತ್ರೆ ಬರೆದುಕೊಟ್ಟು ಕಳಿಸುತ್ತಿದ್ದೆ.

ಜಡಿಮಳೆಯ ಒಂದು ಬೆಳಿಗ್ಗೆ ಅವರು ಬೋಜಮ್ಮನನ್ನು ಜೀಪಿನಲ್ಲಿ ತಂದರು. ಎಡೆಬಿಡದೆ ವಾಂತಿ, ದಾರಿಯಲ್ಲಿ ಫಿಟ್ಸ್ ಬೇರೆ. ಮಂಚಕ್ಕೆ ಹಾಕುವಷ್ಟರಲ್ಲಿ ಮತ್ತೆ ಬಂತು. ಸಕ್ಕರೆ ಮಟ್ಟ ಸರಿಯಿತ್ತು, ಜ್ವರವಿರಲಿಲ್ಲ. ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್ ಕೊಟ್ಟೆ. ಸ್ವಲ್ಪ ಹೊತ್ತು ನಿಂತು ಮರುಕಳಿಸಿತು. "ಬೇರೆ ಯಾವ ಔಷಧಿ ಕೊಟ್ರಿ? ನಾಟಿ ಮದ್ದೇನಾದ್ರೂ?" ಎಂದು ಕೇಳಿದೆ.

"ಇಲ್ಲ ಮೇಡಂ. ನೀವು ಬರ್ದದ್ದು ಬಿಟ್ರೆ ಏನೂ ಕೊಡ್ಲಿಲ್ಲ."

ಬೋಜಮ್ಮ ಮತ್ತೊಮ್ಮೆ ವಾಂತಿ ಮಾಡಿದರು. ಅದರಲ್ಲಿ ಹಳದಿ ಬಣ್ಣದ ಚೂರುಗಳಿದ್ದವು. "ಹಾಗಾದ್ರೆ ಇದೇನು?" ಎಂದು ಗದರಿದೆ.

"ಅದಾ? ಅದು ತಿನ್ನೋ ಬೀಜ," ಎಂದು ಅವರು ಜರ್ಕಿನ್ ಜೇಬಿನಿಂದ ಒಂದು ಪೊಟ್ಟಣ ತೆಗೆದರು. ಹಾಸ್ಪಿಟಲಲ್ಲಿ ಹಸಿದರೆ ಇರಲಿ ಎಂದು ತಂದಿದ್ದರಂತೆ. ಬಿಳಿ ಸಿಪ್ಪೆಯ, ಪಿಸ್ತಾ ಗಾತ್ರದ ಬೀಜಗಳು. ಪೊಟ್ಟಣದ ಮೇಲೆ ಬೀಸಣಿಗೆಯಂಥ ಎಲೆಯ ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ ಗಿಂಕ್ಗೊ ಎಂಬ ಹೆಸರು.

ನಡೆದದ್ದು ಇಷ್ಟು. ಮಗಳು ಮನೆಯ ಎರಡು ಕೋಣೆಗಳನ್ನು ಹೋಮ್‌ಸ್ಟೇ ಮಾಡಿದ್ದಳು. ಕೊರಿಯಾದಿಂದ ಬಂದಿದ್ದ ದಂಪತಿ ಹೋಗುವಾಗ ಈ ಪೊಟ್ಟಣ ಕೊಟ್ಟು, ಹುರಿದು ನಾಲ್ಕೈದು ತಿನ್ನಿ ಎಂದಿದ್ದರು. ಹೆಸರು ನೋಡಿ ಸುಬ್ಬಯ್ಯನವರ ಕಣ್ಣರಳಿತು. ನೆನಪಿಗೆ ಒಳ್ಳೆಯದೆಂದು ಮೆಡಿಕಲ್ ಶಾಪಿನವರು ಒಮ್ಮೆ ತೋರಿಸಿದ್ದ ಮಾತ್ರೆಯಲ್ಲೂ ಇದೇ ಹೆಸರಿತ್ತು. ಮಾತ್ರೆಗಿಂತ ಮರದ ಬೀಜವೇ ಲೇಸಲ್ಲವೇ ಎಂದುಕೊಂಡರು. ನಮ್ಮಲ್ಲಿ ಮಳೆಗಾಲವೆಂದರೆ ಕೆಂಡದಲ್ಲಿ ಹಲಸಿನ ಬೀಜ ಸುಟ್ಟು ಬೊಗಸೆಗಟ್ಟಲೆ ತಿನ್ನುವ ಕಾಲ. ಇದನ್ನೂ ಹಾಗೇ ಸುಟ್ಟು, ಸುಲಿದು, ಒಂದೊಂದಾಗಿ ಹೆಂಡತಿಯ ಅಂಗೈಗೆ ಇಡುತ್ತಿದ್ದರು.

"ಮೊನ್ನೆ ಇದನ್ನ ತಿಂತಾ ಇದ್ದವಳು ನನ್ನ ಹೆಸರು ಹಿಡ್ದು ಕರೆದ್ಲು ಮೇಡಂ. ಅದಕ್ಕೇ ನಿನ್ನೆ ಒಂದು ಬಟ್ಟಲು ತುಂಬ ಕೊಟ್ಟೆ."

ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಮೈಸೂರಿನಲ್ಲಿದ್ದ ನನ್ನ ಸಹಪಾಠಿ ನರರೋಗ ತಜ್ಞನಿಗೆ ಫೋನ್ ಹಚ್ಚಿದೆ. ಆ ಮಾತ್ರೆ ಮಾಡುವುದು ಎಲೆಯ ಸಾರದಿಂದ, ಬೀಜವೇ ಬೇರೆ ಎಂದ. ಆ ಮಾತ್ರೆಯಿಂದ ಮರೆವು ವಾಸಿಯಾಗುತ್ತದೆ ಎನ್ನುವುದಕ್ಕೂ ಗಟ್ಟಿ ಆಧಾರವಿಲ್ಲ. ಬೀಜದಲ್ಲಿ ಪಿಷ್ಟವಿದೆ, ಒಂದಿಷ್ಟು ಪ್ರೋಟೀನ್ ಇದೆ. ಚೀನಾ, ಕೊರಿಯಾ, ಜಪಾನಿನಲ್ಲಿ ಬೇಯಿಸಿಯೋ ಹುರಿದೋ ಕೆಲವೇ ಕೆಲವು ತಿನ್ನುತ್ತಾರೆ, ಹಸಿಯಾಗಿ ತಿನ್ನುವುದಿಲ್ಲ. ಆದರೆ ಅದರಲ್ಲೊಂದು ವಿಷವಿದೆ, ಬಿಸಿಗೆ ಪೂರ್ತಿ ಹೋಗುವಂಥದ್ದಲ್ಲ. ಮೆದುಳಿಗೆ ಬೇಕಾದ ಬಿ6 ವಿಟಮಿನ್‌ನ ಕೆಲಸವನ್ನು ಅದು ಕೆಡಿಸುತ್ತದೆ. ಹೆಚ್ಚು ತಿಂದವರಿಗೆ ಫಿಟ್ಸ್ ಬರುತ್ತದೆ. ಚಿಕ್ಕ ಮಕ್ಕಳಿಗೆ ಕೆಲವು ಬೀಜಗಳೂ ಅಪಾಯ.

ಬಿ6 ಎಂದ ಕೂಡಲೇ ನನಗೆ ದಾರಿ ಕಂಡಿತು. ಕ್ಷಯದ ಐಸೋನಿಯಾಜಿಡ್ ಮಾತ್ರೆಯೂ ದೇಹದ ಬಿ6 ಕುಗ್ಗಿಸುವುದರಿಂದ, ಅದರ ಜೊತೆಗೆ ಪಿರಿಡಾಕ್ಸಿನ್, ಅಂದರೆ ಇದೇ ಬಿ6, ಕೊಡುತ್ತೇವೆ. ಲೈನುಗಳ ಕ್ಷಯರೋಗಿಗಳಿಗೆಂದು ತರಿಸಿದ್ದ ಮಾತ್ರೆಗಳಿದ್ದವು. ಉಸಿರಿನ ದಾರಿ ಕಾಪಾಡಿಕೊಂಡು, ಪುಡಿ ಮಾಡಿದ ಮಾತ್ರೆಗಳನ್ನು ಮೂಗಿನ ಟ್ಯೂಬಿನಲ್ಲಿ ಕೊಟ್ಟೆವು. ಫಿಟ್ಸ್ ನಿಂತಿತು. ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದೆವು. ಹತ್ತುವ ಮುಂಚೆ ಸುಬ್ಬಯ್ಯನವರು ಕೇಳಿದರು, "ನಾನೇ ಕೊಂದು ಬಿಡ್ತಿದ್ನಾ ಮೇಡಂ?" ನಾನು ಅವರ ಕೈ ಹಿಡಿದುಕೊಂಡೆ.

ಜೀವ ಉಳಿಯಿತು, ಅವರು ಬೇಡಿಕೊಂಡಿದ್ದು ಉಳಿಯಲಿಲ್ಲ. ಬೋಜಮ್ಮ ಗಂಡನ ಹೆಸರನ್ನು ಮತ್ತೆ ಹೇಳಲಿಲ್ಲ. ಕಾಯಿಲೆ ಹೇಗೂ ಅಲ್ಲಿಗೇ ಒಯ್ಯುತ್ತಿತ್ತು, ಬೀಜದಿಂದಲೇ ಹೋಯಿತೆಂದು ಯಾರೂ ಹೇಳಲಾರರು. ಇದನ್ನು ಎಷ್ಟು ಸಲ ಹೇಳಿದರೂ ಸುಬ್ಬಯ್ಯನವರು ಒಪ್ಪಲಿಲ್ಲ.

ಏನು ಔಷಧಿ ಕೊಟ್ಟಿರಿ ಎಂದಷ್ಟೇ ಕೇಳುವುದನ್ನು ಅಂದಿನಿಂದ ಬಿಟ್ಟೆ. ಅಕ್ಕರೆಯಿಂದ ತಿನ್ನಿಸಿದ್ದನ್ನು ಯಾರೂ ಔಷಧಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಯಿಗೆ ಏನೇನು ಹೋಯಿತು, ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಈಗ ಎಲ್ಲರನ್ನೂ ಕೇಳುತ್ತೇನೆ. ಗದರದೆ ಕೇಳುತ್ತೇನೆ.

ಮುಂದಿನ ತಪಾಸಣೆಗೆ ಇಬ್ಬರೂ ಬಂದರು. ಇವರು ಯಾರು ಎಂದು ಕೇಳಿದಾಗ ಬೋಜಮ್ಮ ಗಂಡನನ್ನು ಬಹಳ ಹೊತ್ತು ನೋಡಿದರು. ಹೆಸರು ಬರಲಿಲ್ಲ. ಮೆಲ್ಲಗೆ ಅವರ ಮುಂದೆ ಅಂಗೈ ಚಾಚಿದರು.

ಸುಬ್ಬಯ್ಯನವರು ಜೇಬಿನಿಂದ ಸುಟ್ಟ ಹಲಸಿನ ಬೀಜವೊಂದನ್ನು ತೆಗೆದು ಸುಲಿದರು. "ಇದು ನಮ್ಮ ಮರದ್ದು ಮೇಡಂ," ಎಂದು, ಅದನ್ನು ಕೈಯಲ್ಲೇ ಹಿಡಿದು, ನಾನು ಹೂಂ ಅನ್ನುವವರೆಗೆ ಕಾದರು.